ಒಂದು ಕಟ್ಟಿಗೆ ಎಷ್ಟು ರೊಟ್ಟಿ

ನನ್ನ ನೌಕರಿಯ ಹೆಸರು ನಮ್ಮ ಅತ್ತೆಯವರ ಬಾಯಿಗೆ ಕೊನೆಯವರೆಗೂ ಹತ್ತಲಿಲ್ಲ. ಗೋಕಾಕದ ನಮ್ಮ ಓಣಿಯಲ್ಲಿ ಯಾರಾದರೂ, "ನಿಮ್ಮ ಸೊಸಿ ಏನ್ ಕೆಲಸ ಮಾಡ್ತಾಳ್ರಿ?" ಎಂದು ಕೇಳಿದರೆ, "ಮಂದಿ ಅಂಗಡಿ ಮುಳುಗಿದ್ರ ಎಷ್ಟು ಆಳ ಮುಳುಗೇತಿ ಅಂತ ಅಳದ ಬರ್ತಾಳವಾ," ಎನ್ನುತ್ತಿದ್ದರು. ನಾನು ಎಷ್ಟೋ ಸಲ ತಿದ್ದಿದೆ. ಆಮೇಲೆ ಯೋಚಿಸಿದರೆ ಅವರು ಹೇಳಿದ್ದೇ ಸರಿಯಾಗಿತ್ತು ಅನಿಸಿ ಬಿಟ್ಟುಬಿಟ್ಟೆ.

ಈಗ ಈ ಕೆಲಸಕ್ಕೆ ಫೊರೆನ್ಸಿಕ್ ಅಕೌಂಟೆಂಟ್ ಎಂಬ ದೊಡ್ಡ ಹೆಸರು ಬಂದಿದೆ. ನಾನು ಸೇರಿದಾಗ ಹೆಸರೇ ಇರಲಿಲ್ಲ. ಕೋರ್ಟಿನ ಹತ್ತಿರದ ಒಂದು ಆಡಿಟರ್ ಆಫೀಸಿನಲ್ಲಿ ಕೂತು ಲೆಕ್ಕ ಬರೆಯುತ್ತಿದ್ದೆ. ಪಾಲುದಾರರು ಜಗಳಾಡಿ ಬೇರೆಯಾದರೆ, ಒಬ್ಬನ ತಪ್ಪಿನಿಂದ ಇನ್ನೊಬ್ಬನ ವ್ಯಾಪಾರ ನಿಂತುಹೋದರೆ, ಆ ವ್ಯಾಪಾರದ ಬೆಲೆ ಎಷ್ಟು, ಆದ ನಷ್ಟ ಎಷ್ಟು ಎಂದು ಯಾರಾದರೂ ಹೇಳಬೇಕಲ್ಲ. ವಕೀಲರು ಅದಕ್ಕಾಗಿ ನಮ್ಮ ಆಫೀಸಿಗೆ ಬರುತ್ತಿದ್ದರು. ಹಾಗೆ ಬಂದ ಕೆಲಸಗಳನ್ನು ಮಾಡುತ್ತ ಮಾಡುತ್ತ ಮೂವತ್ತು ವರ್ಷ ಹೋದವು. ಮೊಣಕಾಲು ಬಸ್ಸಿನ ಮೆಟ್ಟಿಲು ಏರಲು ತಕರಾರು ಮಾಡತೊಡಗಿದ ಮೇಲೆ, ವಯಸ್ಸು ಇನ್ನೂ ಇದ್ದರೂ, ಸಾಕು ಎಂದು ಮನೆಯಲ್ಲಿ ಕೂತಿದ್ದೇನೆ.

ಆಫೀಸಿಗೆ ಹೊಸದಾಗಿ ಸೇರಿದವರು ಮೊನ್ನೆ ಬಂದು, "ಮೇಡಂ, ಕಂಪ್ಯೂಟರಿನ್ಯಾಗ ಸಿಗಲಾರದ್ದು ಏನರ ಇದ್ರ ಬರದಕೊಡ್ರಿ," ಎಂದರು. ಹಳೆಯ ಡೈರಿಗಳನ್ನು ಕಪಾಟಿನಿಂದ ಇಳಿಸಿದೆ. ನನ್ನ ಡೈರಿಯಲ್ಲಿ ಬಲಗಡೆಯ ಪುಟ ಆಫೀಸಿಗೆ, ಎಡಗಡೆಯ ಪುಟ ಮನೆಗೆ. ಹಾಲು ಎಷ್ಟು ಬಂತು, ಯಾವ ಬಸ್ಸು ಸಿಕ್ಕಿತು, ಊಟಕ್ಕೆ ಏನು ಮಾಡಿದೆ, ಎಲ್ಲ ಇದೆ. ನಮ್ಮ ಮನೆಯವರು ಇದನ್ನು ನೋಡಿ ವರ್ಷಗಟ್ಟಲೆ ನಕ್ಕಿದ್ದಾರೆ. ಅವರ ನಗು ಎಲ್ಲಿ ನಿಂತಿತು ಎಂಬುದು ಮುಂದೆ ಬರುತ್ತದೆ.

ನಮ್ಮ ಆಫೀಸಿನ ಹಿರಿಯರು ಇನಾಮದಾರ ಸಾಹೇಬರು. ಎಲೆ ಅಡಿಕೆ ಬಾಯಲ್ಲಿದ್ದರೆ ಕೈಸನ್ನೆಯಲ್ಲಿ ಬೈಯುತ್ತಿದ್ದರು, ಉಗುಳಿ ಬಂದ ಮೇಲೆ ಅದನ್ನೇ ಮಾತಿನಲ್ಲಿ ಬೈಯುತ್ತಿದ್ದರು. ಅವರ ನಿಯಮ ಎರಡೇ. ವ್ಯಾಪಾರದವರ ಮನೆಯಲ್ಲಿ ಚಹ ಬಿಟ್ಟು ಬೇರೇನೂ ಪುಕ್ಕಟೆ ತೆಗೆದುಕೊಳ್ಳಬಾರದು. ಪುಸ್ತಕ ತೆರೆಯುವ ಮೊದಲು ಒಂದು ದಿನ ಅಂಗಡಿಯ ಮುಂದೆ ಸುಮ್ಮನೆ ಕೂರಬೇಕು. ಎರಡನೆಯದನ್ನು ನಾನು ಮೊದಲ ವರ್ಷ ಕಿವಿಗೆ ಹಾಕಿಕೊಳ್ಳಲಿಲ್ಲ. ಅದರ ಫಲ ಹುಕ್ಕೇರಿಯಲ್ಲಿ ಉಂಡೆ.

ಹುಕ್ಕೇರಿಯಲ್ಲಿ ಅಣ್ಣತಮ್ಮಂದಿರದು ಒಂದು ಪಾತ್ರೆ ಅಂಗಡಿ. ಇಬ್ಬರೂ ಬೇರೆಯಾಗುತ್ತಿದ್ದರು. ಅಂಗಡಿಯ ಮಾಲು ಎಣಿಸಿ ಬೆಲೆ ಕಟ್ಟಲು ಸಾಹೇಬರು ನನ್ನನ್ನು ಕಳಿಸಿದರು. ನಾನು ಸೆರಗು ಸೊಂಟಕ್ಕೆ ಸಿಗಿಸಿ ಕೊಡ, ಪರಾತ, ಬೋಗಾಣಿ, ಒಂದೂ ಬಿಡದೆ ಎಣಿಸಿದೆ. ಹಿಂದಿನ ಕೋಣೆಯಲ್ಲಿ ಸಾಲಾಗಿ ಇಟ್ಟಿದ್ದ ದೊಡ್ಡ ದೊಡ್ಡ ಹಿತ್ತಾಳೆ ಬೋಗಾಣಿಗಳನ್ನು ನೋಡಿ, ಅಣ್ಣ ಇವನ್ನು ತಮ್ಮನಿಂದ ಮುಚ್ಚಿಟ್ಟಿದ್ದಾನೆ, ನಾನು ಹಿಡಿದುಬಿಟ್ಟೆ ಎಂದು ಒಳಗೊಳಗೇ ಹಿಗ್ಗಿದೆ.

ಮರುದಿನ ಸಂತೆ. ಪಟ್ಟಿಗೆ ಸಹಿ ಹಾಕಿಸಲು ಹೋದರೆ, ಒಬ್ಬ ಅಜ್ಜಿ ಹಿಂದಿನ ಕೋಣೆಗೆ ನೆಟ್ಟಗೆ ಹೋಗಿ ಒಂದು ಬೋಗಾಣಿ ಎತ್ತಿಕೊಂಡು ಹೊರಟಳು. ನಾನು ಅಡ್ಡ ನಿಂತೆ.

"ಅಮ್ಮಾ, ಅದನ್ನ ಮುಟ್ಟಬ್ಯಾಡ್ರಿ. ಅದು ಕೋರ್ಟಿನ ಲೆಕ್ಕದಾಗ ಬಂದೈತಿ."

"ಯಾವ ಕೋರ್ಟು? ಇದು ನನ್ನ ಮದಿವ್ಯಾಗ ನಮ್ಮವ್ವ ಕೊಟ್ಟ ಬೋಗಾಣಿ. ಕಲಾಯಿ ಹಾಕಾಕ ಕೊಟ್ಟಿದ್ನಿ. ಸರಿ ಬಾಜೂಕ!"

ಅವಳ ಹಿಂದೆ ಇನ್ನೊಬ್ಬಳು, ಅವಳ ಹಿಂದೆ ಮತ್ತೊಬ್ಬಳು. ಸಂತೆಗೆ ಬಂದವರೆಲ್ಲ ಕಲಾಯಿಗೆ ಕೊಟ್ಟ ತಮ್ಮ ತಮ್ಮ ಪಾತ್ರೆ ಎತ್ತಿಕೊಂಡು ಹೋಗುವವರೇ. ಮಧ್ಯಾಹ್ನದ ಹೊತ್ತಿಗೆ ಆ ಕೋಣೆ ಖಾಲಿ. ಸಾಹೇಬರು ನನ್ನ ಪಟ್ಟಿಯನ್ನು ಪೂರ್ತಿ ಓದಿ, ಎದ್ದು ಹೋಗಿ ಎಲೆ ಅಡಿಕೆ ಉಗುಳಿ ಬಂದು ಹೇಳಿದರು: "ಬಾಯಾರ, ಅಣ್ಣತಮ್ಮರ ಪಾಲು ಮಾಡಾಕ ಕಳಸಿದ್ರ, ಅರ್ಧ ತಾಲೂಕಿನ ಹೆಣ್ಮಕ್ಕಳ ಆಸ್ತಿ ಪಾಲು ಮಾಡಿ ಬಂದೀರಲ್ಲ."

ಅಂದಿನಿಂದ ನಾನು ಅಂಗಡಿಯ ಮುಂದೆ ಒಂದು ದಿನ ಕೂರುವುದನ್ನು ತಪ್ಪಿಸಲಿಲ್ಲ.

ಮೂಡಲಗಿಯ ಗ್ಯಾರೇಜಿನದು ಇನ್ನೊಂದು ಕಥೆ. ಟ್ರ್ಯಾಕ್ಟರ್ ರಿಪೇರಿ ಮಾಡುವ ಯಲ್ಲಪ್ಪ. ಕರಾರು ಮುಗಿಯುವ ಮೊದಲೇ ಜಾಗದ ಮಾಲಕ ಅವನನ್ನು ಎಬ್ಬಿಸುತ್ತಿದ್ದ, ಹಾಗಾಗಿ ಪರಿಹಾರ ಕೊಡಬೇಕಿತ್ತು. ಎಷ್ಟು ಆದಾಯ ಹೋಗುತ್ತದೆ ಎಂದು ತೋರಿಸಬೇಕು. "ಪುಸ್ತಕ ಎಲ್ಲಿ ಯಲ್ಲಪ್ಪ?" ಎಂದರೆ ಅವನು ಗೋಡೆಯ ಕಡೆ ಕೈ ಮಾಡಿದ. ಐದು ವರ್ಷದ ಲೆಕ್ಕವನ್ನು ಬಡಿಗರ ದಪ್ಪ ಪೆನ್ಸಿಲಿನಲ್ಲಿ ಒಳಗೋಡೆಯ ಮೇಲೆ ಬರೆದಿದ್ದನಂತೆ. ಆದರೆ ನಾನು ಹೋದಾಗ ಗೋಡೆ ಹಾಲಿನ ಹಾಗೆ ಬೆಳ್ಳಗಿತ್ತು. ದೀಪಾವಳಿ ಬಂತೆಂದು ಅವನ ಹೆಂಡತಿ ಹಿಂದಿನ ದಿನ ಸುಣ್ಣ ಬಳಿದಿದ್ದಳು.

"ಹಬ್ಬಕ್ಕ ಗ್ವಾಡಿ ಬೆಳ್ಳಗ ಮಾಡು ಅಂದವ್ರು ನೀವ," ಎಂದಳು ಅವಳು.

"ಹೊರಗಿನ ಗ್ವಾಡಿ ಅಂದಿದ್ನಿ, ಮಾರಾಯ್ತಿ!"

ಅವನು ತಲೆ ಹಿಡಿದು ಟೈರಿನ ಮೇಲೆ ಕೂತ. ನನಗೆ ಮನೆಯ ಸುಣ್ಣ ಬಳಿದ ಅನುಭವ ಇತ್ತು. ತೆಳು ಸುಣ್ಣ ಒದ್ದೆಯಾದರೆ ಒಳಗಿನದು ಕಾಣುತ್ತದೆ, ಒಣಗಿದರೆ ಮುಚ್ಚುತ್ತದೆ. ಒಂದು ಚರಿಗೆ ನೀರು ತರಿಸಿ ಗೋಡೆಗೆ ಚಿಮುಕಿಸಿದೆ. ಬೂದುಬಣ್ಣದಲ್ಲಿ ಅಂಕಿಗಳು ಎದ್ದವು. ಅವನು ನೀರು ಎರಚುವುದು, ಹೆಂಡತಿ ಓದುವುದು, ನಾನು ಬರೆಯುವುದು. ಒಣಗುವ ಮೊದಲು ಓದಬೇಕಾದ್ದರಿಂದ ಮೂವರೂ ಓಡಾಡಿ, ಸಂಜೆಗೆ ತೋಯ್ದು ತಪ್ಪಡಿಯಾಗಿ, ಐದು ವರ್ಷದ ಲೆಕ್ಕವನ್ನು ಕಾಗದಕ್ಕೆ ಇಳಿಸಿದೆವು. ಈಗ ಫೋನಿನಲ್ಲಿ ರೊಕ್ಕ ಬರುತ್ತದೆ, ಬ್ಯಾಂಕಿನ ಪಟ್ಟಿ ತೆಗೆದರೆ ಎಲ್ಲ ಸಿಗುತ್ತದೆ. ಒಳ್ಳೆಯದೇ. ಆದರೂ ಹೊಸಬರಿಗೆ ನಾನು ಹೇಳುವುದು, ಲೆಕ್ಕ ಎಲ್ಲಿದೆ ಎಂದು ಕೇಳುವಾಗ ಗೋಡೆಯನ್ನೂ ಒಮ್ಮೆ ನೋಡಿ.

ಇವೆಲ್ಲ ನಕ್ಕು ಮುಗಿಸುವ ಮಾತು. ನನ್ನನ್ನು ನಿಜವಾಗಿ ನಿದ್ದೆಗೆಡಿಸಿದ್ದು, ಆಮೇಲೆ ಬೇರೆ ಯಾವ ಕೆಲಸವೂ ಕೊಡದಷ್ಟು ಸಂತೋಷ ಕೊಟ್ಟಿದ್ದು ಕುಲಗೋಡದ ನೀಲವ್ವನ ಪ್ರಕರಣ.

ನೀಲವ್ವ ನಲವತ್ತರ ಹೆಣ್ಣುಮಗಳು. ಸಣಕಲು ಮೈ, ಚುರುಕು ಮಾತು. ತನ್ನ ದೊಡ್ಡ ನೆಗೆಣ್ಣಿ ಸಂಗವ್ವನ ಜೊತೆ, ಅಂದರೆ ಗಂಡನ ಅಣ್ಣನ ಹೆಂಡತಿಯ ಜೊತೆ, ಖಡಕ್ ರೊಟ್ಟಿಯ ವ್ಯಾಪಾರ ಶುರು ಮಾಡಿದ್ದಳು. ಮೊದಲು ಮನೆಯ ಒಲೆ. ಆಮೇಲೆ ಬೇರೆ ಊರಿನ ಒಂದು ತಿನಿಸಿನ ಕಂಪನಿ ಬಂದು, ಮೂರು ವರ್ಷ ದಿನಾ ನಲವತ್ತು ಕಟ್ಟು ರೊಟ್ಟಿ ತೆಗೆದುಕೊಳ್ಳುತ್ತೇವೆ ಎಂದು ಕರಾರು ಮಾಡಿತು. ಅದನ್ನು ನಂಬಿ ನೀಲವ್ವ ಸ್ವಸಹಾಯ ಸಂಘದಿಂದ ಸಾಲ ಎತ್ತಿ ಶೆಡ್ಡು ಕಟ್ಟಿಸಿದಳು. ಹತ್ತು ಒಲೆ ಹೂಡಿದಳು. ಊರಿನ ಹತ್ತು ಹೆಣ್ಣುಮಕ್ಕಳಿಗೆ ಪಗಾರ ಆಯಿತು. ಕರಾರಿನಲ್ಲಿ ಒಂದು ಶರತ್ತು ಇತ್ತು: ಕಂಪನಿಯ ಹೊರತು ಬೇರೆ ಯಾರಿಗೂ ರೊಟ್ಟಿ ಮಾರಕೂಡದು.

ಎಂಟನೆಯ ತಿಂಗಳಿಗೆ ಕಂಪನಿಯ ಗಾಡಿ ಬರುವುದು ನಿಂತಿತು. ಅವರಿಗೆ ಎಲ್ಲೋ ಕಡಿಮೆ ಬೆಲೆಗೆ ಮಷಿನ್ನಿನ ರೊಟ್ಟಿ ಸಿಕ್ಕಿತ್ತು. ನೀಲವ್ವ ಗೋಕಾಕದ ವಕೀಲರನ್ನು ಹಿಡಿದು ನಷ್ಟ ಪರಿಹಾರ ಕೇಳಿದಳು. ಕಂಪನಿ ಉತ್ತರ ಕೊಟ್ಟಿತು: "ಕರಾರು ಮೊದಲು ಮುರಿದವಳು ನೀನು. ನೂರಾ ಎಂಟು ರೊಟ್ಟಿಗೆ ಸಾಕಾಗುವ ಹಿಟ್ಟು ತಂದು ನಮಗೆ ನೂರು ರೊಟ್ಟಿಯ ಬಿಲ್ಲು ಹಾಕಿದ್ದೀ. ನೂರಕ್ಕೆ ಎಂಟರಂತೆ ಉಳಿದದ್ದನ್ನು ಹೊರಗೆ ಮಾರಿದ್ದೀ." ಅವರ ಅಕೌಂಟೆಂಟ್ ಜೋಶಿ ಎಂಬವರು ಹಿಟ್ಟಿನ ಗಿರಣಿಯ ಚೀಟಿಗಳನ್ನೆಲ್ಲ ಕೂಡಿಸಿ ಅಚ್ಚುಕಟ್ಟಾದ ವರದಿ ಕೊಟ್ಟಿದ್ದರು. ಆ ಎಂಟು ರೊಟ್ಟಿಗೆ ಉತ್ತರ ಸಿಗದಿದ್ದರೆ ನೀಲವ್ವನಿಗೆ ಪರಿಹಾರ ಇಲ್ಲ. ಕಂಪನಿ ಕೊಟ್ಟ ಮುಂಗಡವನ್ನೂ ತಿರುಗಿ ಕೊಡಬೇಕು. ಶೆಡ್ಡು ಮಾರದೆ ಅದು ಆಗುವ ಮಾತಲ್ಲ.

ವಕೀಲರು ಸಾಹೇಬರ ಹತ್ತಿರ ಬಂದರು, ಸಾಹೇಬರು ನನ್ನನ್ನು ಕುಲಗೋಡದ ಬಸ್ಸು ಹತ್ತಿಸಿದರು.

ಕಬ್ಬಿನ ಟ್ರ್ಯಾಕ್ಟರಿನ ಹಿಂದೆ ತೆವಳುತ್ತ ಬಸ್ಸು ಮುಟ್ಟುವ ಹೊತ್ತಿಗೆ ಶೆಡ್ಡಿನಲ್ಲಿ ರೊಟ್ಟಿ ಬಡಿಯುವ ಸಪ್ಪಳ ಎದ್ದಿತ್ತು. ಕಂಪನಿ ಬಿಟ್ಟ ಮೇಲೆ ನೀಲವ್ವ ಸುಮ್ಮನೆ ಕೂತಿರಲಿಲ್ಲ. ಗೋಕಾಕದ ಎರಡು ಖಾನಾವಳಿಗಳಿಗೆ ದಿನಾ ಹತ್ತು ಕಟ್ಟು ಕೊಡುತ್ತಿದ್ದಳು. ಹತ್ತರಲ್ಲಿ ಮೂರು ಒಲೆ ಉರಿಯುತ್ತಿದ್ದವು, ಏಳು ತಣ್ಣಗಿದ್ದವು. ನಾನು ಬಾಗಿಲ ಬಳಿ ಚೀಲದ ಮೇಲೆ ಕೂತೆ.

"ದಿನಾ ಕಂಪನಿಗೆ ಎಷ್ಟು ಕಟ್ಟು ಹೋಗ್ತಿದ್ವು?"

"ನಲವತ್ತರಿ ಅಕ್ಕಾರ."

"ಕಟ್ಟಿಗೆ ಎಷ್ಟು?"

"ಇಪ್ಪತ್ತೈದು."

"ಒಟ್ಟು ಸಾವಿರ."

"ಸಾವಿರಾನ."

ಸಂಗವ್ವ ಒಂದು ಮೂಲೆಯಲ್ಲಿ ಕೂತು ಒಣಗಿದ ರೊಟ್ಟಿಗಳನ್ನು ಒಂದರ ಮೇಲೊಂದು ಇಟ್ಟು, ಕಾಗದ ಸುತ್ತಿ, ಸುತಳಿಯಿಂದ ಕಟ್ಟುತ್ತಿದ್ದಳು. ತುಟಿಯಲ್ಲೇ ಎಣಿಕೆ. ಕೊನೆಗೆ "ಇಪ್ಪತ್ತೈದು" ಎಂದು ಗಟ್ಟಿಯಾಗಿ ಹೇಳಿ ಕಾಗದಕ್ಕೆ ಕೈ ಹಾಕುತ್ತಿದ್ದಳು. ನನ್ನ ಕಿವಿಯಿಂದಲೇ ಕೇಳಿ ಡೈರಿಯಲ್ಲಿ ಬರೆದೆ: ಕಟ್ಟಿಗೆ 25, ಖಾತ್ರಿ.

ನಾಲ್ಕು ದಿನ ಹೋಗಿ ಬಂದು ಮಾಡಿದೆ. ಬೆಳಿಗ್ಗೆ ಹಿಟ್ಟು ತೂಗುವುದು, ಸಂಜೆ ಕಟ್ಟು ಎಣಿಸುವುದು. ಒಂದು ದಿನ ಹಿಟ್ಟಿನ ಲೆಕ್ಕದಲ್ಲಿ ಇನ್ನೂರಾ ಎಪ್ಪತ್ತು ರೊಟ್ಟಿ ಆಗಬೇಕು, ಕಟ್ಟಿನ ಲೆಕ್ಕದಲ್ಲಿ ಇನ್ನೂರಾ ಐವತ್ತು. ಮರುದಿನವೂ ಅಷ್ಟೇ. ಜೋಶಿಯವರ ವರದಿ ಸುಳ್ಳಲ್ಲ. ರೊಟ್ಟಿ ಎಲ್ಲಿಗೋ ಹೋಗುತ್ತಿದೆ. ಆದರೆ ಎಲ್ಲಿಗೆ?

"ಹತ್ತಿದ್ದು, ಕೆಟ್ಟಿದ್ದು ತಗದಿಡ್ತೀರೇನು?" ಎಂದು ಕೇಳಿದೆ.

ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಿದಳು. "ನಮ್ಮ ಕೈಯಾಗ ರೊಟ್ಟಿ ಹತ್ತತಾವೇನ್ರಿ? ನಿಮ್ಮ ಮನ್ಯಾಗ ಹತ್ತತಾವೇನು?"

ಉಳಿದವರು ಕಿಸಕ್ಕನೆ ನಕ್ಕರು. ನಮ್ಮ ಮನೆಯಲ್ಲಿ ಆಗಾಗ ರೊಟ್ಟಿ ಹತ್ತಿ ಕರಕಲಾಗುವುದು ನಿಜವಾದ್ದರಿಂದ ನಾನು ಮುಂದೆ ಕೇಳಲಿಲ್ಲ. ನಾಯಿಗೆ ಹಾಕುತ್ತಾರೆಯೇ ಎಂದು ನೋಡಿದೆ, ಶೆಡ್ಡಿನ ಹತ್ತಿರ ನಾಯಿಯೇ ಸುಳಿಯುತ್ತಿರಲಿಲ್ಲ. ಊಟಕ್ಕೆ ಅವರು ಮನೆಯಿಂದಲೇ ಬುತ್ತಿ ತರುತ್ತಿದ್ದರು. ಒಲೆಯಿಂದ ಏಳುವ ರೊಟ್ಟಿಗಳನ್ನು ಒಂದೊಂದಾಗಿ ಎಣಿಸಿದ್ದರೆ ಅಲ್ಲೇ ಮುಗಿಯುತ್ತಿತ್ತು. ಆದರೆ ಮೂರು ಹಂಚಿನ ಮೇಲೆ ಕಣ್ಣಿಡುವುದಕ್ಕಿಂತ ಕಟ್ಟು ಎಣಿಸುವುದು ಸುಲಭ. ನಾನು ಸುಲಭವಾದದ್ದನ್ನು ಎಣಿಸಿದೆ. ಹೊಸಬರು ಈ ಸಾಲಿಗೆ ಗೆರೆ ಎಳೆದುಕೊಳ್ಳಲಿ.

ನಾಲ್ಕನೆಯ ದಿನ ವಕೀಲರ ಫೋನು ಬಂತು. "ಬಾಯಾರ, ಹೊರಗ ಮಾರ್ಯಾಳೋ ಇಲ್ಲೋ ಒಮ್ಮೆ ನೇರ ಕೇಳಿಬಿಡ್ರಿ. ಮಾರಿದ್ರ ನಾವು ಈಗs ಹಿಂದ ಸರಿಯೂದು ಚಲೋ."

ಕೇಳಲೇಬೇಕಾಯಿತು. ಕೇಳಿದೆ. ನೀಲವ್ವ ಹಿಟ್ಟಿನ ಕೈ ಒರೆಸಿಕೊಂಡು ನನ್ನ ಎದುರು ಬಂದು ನಿಂತಳು.

"ನಾಕ ದಿನ ನಮ್ಮ ಬಾಗಲದಾಗ ಕುಂತು, ನೀವೂ ಹಂಗs ಕೇಳಾಕತ್ತೀರೇನ ಅಕ್ಕಾರ?"

"ಕೇಳೂದು ನನ್ನ ಕೆಲಸ ನೀಲವ್ವ."

"ಕಂಪನಿ ಗಾಡಿ ಬರೂತನಕ ಒಂದ ರೊಟ್ಟಿ ಹೊರಗ ಮಾರಿಲ್ಲ. ಮಾರಿದ್ರ ಈ ಶೆಡ್ಡು ನನಗ ದಕ್ಕೂದು ಬ್ಯಾಡ."

ಆ ಮಾತಿನ ಮೇಲೆ ಕೇಳುವುದು ಏನೂ ಉಳಿಯಲಿಲ್ಲ. ಹೊರಡುವಾಗ ಅವಳೇ ಒಂದು ಕಟ್ಟು ತಂದು ನನ್ನ ಚೀಲಕ್ಕೆ ಇಟ್ಟಳು. ಮುಖ ಇನ್ನೂ ಬಿಗಿದೇ ಇತ್ತು. "ಸಿಟ್ಟು ಬ್ಯಾರೆ, ರೊಟ್ಟಿ ಬ್ಯಾರೆ. ಒಯ್ರಿ," ಎಂದಳು. ಸಾಹೇಬರ ನಿಯಮದಂತೆ ಇಪ್ಪತ್ತೈದು ರೊಟ್ಟಿಯ ರೊಕ್ಕ ಎಣಿಸಿ ಕೊಟ್ಟೆ. ಎಡಗಡೆಯ ಪುಟದಲ್ಲಿ ಬರೆದೆ: ರೊಟ್ಟಿ ಒಂದು ಕಟ್ಟು, 25.

ಮನೆಯಲ್ಲಿ ಆಗ ನಾವು ಇಬ್ಬರೇ. ನಮ್ಮ ಮನೆಯವರು ಹೈಸ್ಕೂಲಿನಲ್ಲಿ ಆಟದ ಮಾಸ್ತರರು. ಅವರಿಗೆ ಎರಡು, ನನಗೆ ಎರಡು, ದಿನಕ್ಕೆ ನಾಲ್ಕು ರೊಟ್ಟಿ. ಡೈರಿಯಲ್ಲಿ ಆರು ದಿನದ ಊಟ ಇದೆ: ಝುಣಕ, ಬದನೆಕಾಯಿ ಪಲ್ಯ, ಮತ್ತೆ ಝುಣಕ, ಕಾಳುಪಲ್ಯ, ಮೊಸರು ಮತ್ತು ಶೇಂಗಾ ಚಟ್ನಿ, ಕೊನೆಗೆ ಪುಂಡಿಪಲ್ಯ. ಏಳನೆಯ ದಿನ ಬೆಳಿಗ್ಗೆ ರೊಟ್ಟಿಬುಟ್ಟಿ ಒರೆಸಲು ತೆಗೆದೆ. ಇಪ್ಪತ್ತೈದರಲ್ಲಿ ಇಪ್ಪತ್ನಾಲ್ಕು ಹೋದರೆ ಒಂದು ಇರಬೇಕು. ಮೂರು ಇದ್ದವು.

ನನಗೆ ಹೊಳೆದದ್ದು ಕುಲಗೋಡ ಅಲ್ಲ, ಗಂಡ.

"ಏನ್ರಿ, ಒಂದಿನ ನೀವು ಉಂಡಿಲ್ಲ. ಹೊರಗ ಏನೋ ತಿಂದ್ ಬಂದು ನನ್ನ ಮುಂದ ಉಂಡಂಗ ಮಾಡೀರಿ."

ಅವರು ಬೂಟಿನ ದಾರ ಕಟ್ಟುತ್ತಿದ್ದವರು ತಲೆ ಎತ್ತಿದರು. "ಯಾರ ಹೇಳಿದ್ರು ನಿನಗ?"

"ಬುಟ್ಟಿ ಹೇಳ್ತು."

"ಬುಧವಾರ ಸ್ಟ್ಯಾಂಡಿನ್ಯಾಗ ಮಿರ್ಚಿ ಭಜಿ ತಿಂದಿದ್ದು ಖರೆ," ಎಂದರು ಸಣ್ಣ ದನಿಯಲ್ಲಿ. "ಆದ್ರ ಮನಿಗೆ ಬಂದು ಎರಡು ರೊಟ್ಟಿನೂ ತಿಂದೇನಿ. ಬೇಕಾದ್ರ ನಿನ್ನ ಡೈರಿ ನೋಡು. ಬುಧವಾರ ಎರಡನೇ ರೊಟ್ಟಿಗೆ ನೀನs ಪಲ್ಯ ಸಾಲಲಿಲ್ಲ ಅಂತ ಬೈದೀ."

ಡೈರಿ ತೆಗೆದೆ. ಬುಧವಾರ: ಕಾಳುಪಲ್ಯ ಕಡಿಮೆ ಬಿತ್ತು. ಅವರು ಹೇಳಿದ್ದು ಸರಿ. ರೊಟ್ಟಿ ಉಂಡಿದ್ದಾರೆ. ಹಾಗಾದರೆ ಕಟ್ಟಿನಲ್ಲಿ ಇಪ್ಪತ್ತೇಳು ಇದ್ದವು.

ನಾನು ಕೈಯಲ್ಲಿ ಬಟ್ಟೆ ಹಿಡಿದುಕೊಂಡು ಅಡುಗೆಮನೆಯಲ್ಲಿ ನಿಂತುಬಿಟ್ಟೆ. ಕಟ್ಟಿಗೆ ಇಪ್ಪತ್ತೇಳು. ನಾಲ್ಕು ಕಟ್ಟಿಗೆ ನೂರಾ ಎಂಟು.

"ನಡ್ರಿ, ನನ್ನ ಸ್ಟ್ಯಾಂಡಿಗೆ ಬಿಡ್ರಿ," ಎಂದೆ. ಸ್ಕೂಟರಿನ ಮೇಲೆ ಅವರು ನಗಲಿಲ್ಲ. ನನ್ನ ಡೈರಿಯ ಬಗ್ಗೆ ಆಮೇಲೂ ನಗಲಿಲ್ಲ. ಬುಧವಾರದ ಭಜಿಯ ನೆನಪು ಅವರಿಗೆ ಸಾಕಾಗಿತ್ತು.

ಕುಲಗೋಡದಲ್ಲಿ ನೇರ ಸಂಗವ್ವನ ಮೂಲೆಗೆ ಹೋಗಿ, ಕಟ್ಟಿ ಇಟ್ಟಿದ್ದ ಕಟ್ಟುಗಳನ್ನು ಬಿಚ್ಚಲು ಕೂತೆ. ಅವಳು ನನ್ನ ಕೈ ಹಿಡಿದಳು. "ಏ ತಂಗೀ, ಕಟ್ಟಿದ್ದು ಬಿಚ್ಚಿದ್ರ ರೊಟ್ಟಿ ಮುರೀತಾವ!"

"ಮುರದ್ರ ರೊಕ್ಕ ನಾ ಕೊಡ್ತೇನಿ ಸಂಗಕ್ಕ."

ಒಂದು ಬಿಚ್ಚಿದೆ: ಇಪ್ಪತ್ತೇಳು. ಎರಡನೆಯದು: ಇಪ್ಪತ್ತೇಳು. ಹತ್ತೂ ಬಿಚ್ಚಿದೆ, ಹತ್ತೂ ಇಪ್ಪತ್ತೇಳು.

"ಸಂಗಕ್ಕ, ಕಟ್ಟಿಗೆ ಎಷ್ಟು ಹಾಕ್ತೀರಿ?"

"ಇಪ್ಪತ್ತೈದು."

"ಇಪ್ಪತ್ತೇಳು ಅದಾವ."

"ಇಪ್ಪತ್ತೈದs ಅದಾವ. ನೋಡು." ಅವಳು ಎದುರಿಗೆ ಎಣಿಸಿ ತೋರಿಸಿದಳು. ಮೊದಲ ರೊಟ್ಟಿ ಇಟ್ಟು "ಲಾಭ" ಎಂದಳು. ಎರಡನೆಯದನ್ನು ಇಟ್ಟು "ಒಂದು" ಎಂದಳು. ಹಾಗೇ ಇಪ್ಪತ್ತೈದಕ್ಕೆ ಬಂದು ಗಟ್ಟಿಯಾಗಿ ಹೇಳಿ, ಕಾಗದ ಸುತ್ತುವ ಮೊದಲು ಇನ್ನೊಂದನ್ನು ಮೇಲೆ ಇಟ್ಟಳು. ಅದಕ್ಕೆ ಎಣಿಕೆಯೇ ಇಲ್ಲ.

ಕಣದಲ್ಲಿ ಜೋಳ ಅಳೆಯುವಾಗ ಮೊದಲ ಅಳತೆಗೆ ಒಂದು ಎನ್ನದೆ ಲಾಭ ಎನ್ನುವುದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಸಂಗವ್ವ ಅದನ್ನು ರೊಟ್ಟಿಗೆ ತಂದಿದ್ದಳು. ಲಾಭ ಆದ ಮೇಲೆ ಎರಡು ಎನ್ನದೆ ಒಂದರಿಂದ ಹಿಡಿಯುವುದು ಅವಳ ತವರಿನ ಪದ್ಧತಿಯಂತೆ.

"ಮ್ಯಾಲಿಂದು ಯಾಕ?"

"ಬಸ್ಸಿನ್ಯಾಗ ಒಂದರ ಮುರೀತೈತಲ್ಲ. ಮುರದದ್ದಕ್ಕ ರೊಕ್ಕ ತಗೊಂಡಂಗ ಆಗಬಾರದು."

"ಮತ್ತ ಮೊದಲಿಂದು?"

"ಲಾಭನ್ನ ಯಾರರ ಎಣಸ್ತಾರೇನು?" ಎಂದು ಸಂಗವ್ವ ನನ್ನನ್ನೇ ಕೇಳಿದಳು.

ನೀಲವ್ವ ಬಂದು ನಿಂತು ಎಲ್ಲ ಕೇಳುತ್ತಿದ್ದಳು. "ಅಕ್ಕಾ, ಇದನ್ನ ನನಗರ ಹೇಳಬೇಕೋ ಬ್ಯಾಡೋ?"

"ಏನ್ ಹೇಳೂದು? ನೀ ಎಂದರ ಕೇಳಿಯೇನು?"

ಇಷ್ಟು ತಿಳಿದರೂ ಕೆಲಸ ಮುಗಿದಿರಲಿಲ್ಲ. ಇಂದು ಇಪ್ಪತ್ತೇಳು ಕಟ್ಟುತ್ತಿದ್ದಾಳೆ ಸರಿ, ಅಂದು ಕಂಪನಿಗೂ ಇಪ್ಪತ್ತೇಳೇ ಹೋಗಿದ್ದವು ಎಂದು ಯಾರು ಹೇಳಬೇಕು? ಜೋಶಿಯವರು ಇದನ್ನು ಕೇಳಿಯೇ ಕೇಳುತ್ತಾರೆ. ತಿರುಗಿ ಬರುವಾಗ ಬಸ್ಸಿನಲ್ಲಿ ಅದನ್ನೇ ಯೋಚಿಸಿದೆ. ಗೋಕಾಕದಲ್ಲಿ ಇಳಿದು, ಕಂಪನಿಯವರು ನೀಲವ್ವನ ರೊಟ್ಟಿಯನ್ನು ಹೇಗೆ ಮಾರುತ್ತಿದ್ದರು ಎಂದು ಕಿರಾಣಿ ಅಂಗಡಿಯಲ್ಲಿ ಕೇಳಿದೆ. ಅಂಗಡಿಯವರು ಮೇಲಿನ ಹಲಗೆಯಿಂದ ಧೂಳು ಹಿಡಿದ ಒಂದು ಪ್ಲಾಸ್ಟಿಕ್ ಪ್ಯಾಕೆಟ್ಟು ತೆಗೆದುಕೊಟ್ಟರು. "ಇದೊಂದು ಹಳೇದು ಉಳದೈತ್ರಿ. ಈಗ ಬರೂ ಮಷಿನ್ ರೊಟ್ಟಿ ಯಾರೂ ಒಯ್ಯಾಂಗಿಲ್ಲ, ಸಿಪ್ಪಿ ಇದ್ದಂಗ ಅದಾವ."

ಪ್ಯಾಕೆಟ್ಟಿನ ಮೇಲೆ ಅಚ್ಚಾಗಿತ್ತು: ಒಂಬತ್ತು ರೊಟ್ಟಿ.

ಎಂಟು ಅಲ್ಲ, ಹತ್ತು ಅಲ್ಲ, ಒಂಬತ್ತು. ಇಪ್ಪತ್ತೈದರ ಕಟ್ಟು ಬಿಚ್ಚಿದವನು ಐದೈದರ ಪ್ಯಾಕೆಟ್ಟು ಮಾಡುತ್ತಾನೆ. ಒಂಬತ್ತೊಂಬತ್ತು ಮಾಡುವವನ ಕೈಯಲ್ಲಿ ಇಪ್ಪತ್ತೇಳೇ ಇರಬೇಕು. ನಾನು ಆ ಅಂಗಡಿಯಲ್ಲಿ ನಿಂತು ಒಬ್ಬಳೇ ನಕ್ಕಿದ್ದಕ್ಕೆ ಅಂಗಡಿಯವರು ಚಿಲ್ಲರೆಯನ್ನು ಎರಡು ಸಲ ಎಣಿಸಿ ನೋಡಿಕೊಂಡರು.

ವಕೀಲರು ಕಂಪನಿಯ ಗೋಡೌನಿನ ಪುಸ್ತಕ ತರಿಸಬೇಕೆಂದು ಕೋರ್ಟಿನಲ್ಲಿ ಅರ್ಜಿ ಹಾಕಿದರು. ಅಷ್ಟರಲ್ಲಿ ಪ್ರಕರಣ ರಾಜಿಗೆ ಮಧ್ಯಸ್ಥರ ಮುಂದೆ ಹೋಯಿತು. ಒಂದು ಕಡೆ ನೀಲವ್ವ, ಸಂಗವ್ವ, ವಕೀಲರು, ನಾನು. ಇನ್ನೊಂದು ಕಡೆ ಕಂಪನಿಯ ಮ್ಯಾನೇಜರು ಮತ್ತು ಅರ್ಜಿಯಂತೆ ಗೋಡೌನಿನ ಪುಸ್ತಕ ತಂದಿದ್ದ ಜೋಶಿಯವರು. ಜೋಶಿಯವರು ಐವತ್ತರ ಆಸುಪಾಸಿನ ಮೃದು ಮನುಷ್ಯ. ನಾನು ಒಂದು ಕಟ್ಟನ್ನು ಮೇಜಿನ ಮೇಲೆ ಇಟ್ಟೆ.

"ಸರ್, ಇದರಾಗ ಎಷ್ಟು ಅದಾವ ಎಣಸ್ರಿ."

ಅವರು ಕಾಗದ ಬಿಚ್ಚಿ ಎಣಿಸಿದರು. ಇಪ್ಪತ್ತೈದಕ್ಕೆ ಬಂದಾಗ ಎರಡು ಉಳಿದವು. ಮತ್ತೆ ಎಣಿಸಿದರು.

"ಸಾವಕಾಶ ಎಣಸೋ ತಮ್ಮಾ, ಮುರದೀ," ಎಂದಳು ಸಂಗವ್ವ.

ಎಣಿಕೆಯ ಪದ್ಧತಿಯನ್ನು ಹೇಳಿದೆ. ಮ್ಯಾನೇಜರು ಕುರ್ಚಿಯಲ್ಲಿ ಮುಂದೆ ಬಾಗಿ, "ಇವತ್ತು ಬೇಕಂತ ಕಟ್ಟಿ ತಂದಿರಬಹುದು. ನಮಗೆ ಬಂದದ್ದು ಇಪ್ಪತ್ತೈದೇ," ಎಂದರು. ನಾನು ಪ್ಯಾಕೆಟ್ಟನ್ನು ಕಟ್ಟಿನ ಪಕ್ಕಕ್ಕೆ ಇಟ್ಟೆ.

"ಜೋಶಿ ಸರ್, ಒಂಬತ್ತು ಯಾಕ ಹಾಕ್ತಿದ್ರಿ?"

ಅವರು ಪ್ಯಾಕೆಟ್ಟನ್ನು ತಿರುಗಿಸಿ ನೋಡಿದರು. ಕಟ್ಟನ್ನು ನೋಡಿದರು. ಗೋಡೌನಿನ ಪುಸ್ತಕ ತೆರೆದು ಬೆರಳಿಟ್ಟು ಓದಿದರು: ಒಳಗೆ ಬಂದದ್ದು ನಲವತ್ತು ಕಟ್ಟು, ಹೊರಗೆ ಹೋದದ್ದು ನೂರಾ ಇಪ್ಪತ್ತು ಪ್ಯಾಕೆಟ್ಟು. ಮರುದಿನವೂ ನಲವತ್ತು, ನೂರಾ ಇಪ್ಪತ್ತು. ಅದರ ಮರುದಿನವೂ. ಫೋನಿನಲ್ಲಿ ಗುಣಿಸಿದರು. ನಲವತ್ತು ಇಪ್ಪತ್ತೈದಲೆ ಸಾವಿರ. ನೂರಾ ಇಪ್ಪತ್ತು ಒಂಬತ್ತಲೆ ಸಾವಿರದ ಎಂಬತ್ತು. ಫೋನನ್ನು ಮೇಜಿನ ಮೇಲೆ ಬೋರಲು ಹಾಕಿ ಕನ್ನಡಕ ತೆಗೆದರು.

"ಬಾಯಾರ, ನಾ ಕಳ್ಳರನ್ನ ಕುಲಗೋಡದಾಗ ಹುಡಕಾಕತ್ತಿದ್ನಿ. ಮಾಲು ನಮ್ಮ ಗೋಡೌನಿನ್ಯಾಗ ಪ್ಯಾಕ್ ಆಗೇತಿ." ಹೇಳುತ್ತ ಹೇಳುತ್ತ ಅವರಿಗೇ ನಗು ಬಂತು. ಮಧ್ಯಸ್ಥರು ಬಾಯಿಗೆ ಕರವಸ್ತ್ರ ಹಿಡಿದರು. ಮ್ಯಾನೇಜರು ಮಾತ್ರ ನೀರು ಕುಡಿದರು.

ನಮ್ಮ ವಕೀಲರು ನೀಲವ್ವನ ಕಿವಿಯ ಹತ್ತಿರ ಬಾಗಿ, "ದಿನಕ್ಕ ಎಂಬತ್ತು ರೊಟ್ಟಿ, ಏಳು ತಿಂಗಳು. ಅದರ ರೊಕ್ಕಾನೂ ಕೇಳೂಣು," ಎಂದರು.

"ಬ್ಯಾಡ್ರಿ. ಕೊಟ್ಟಿದ್ದಕ್ಕ ಬಿಲ್ ಹಾಕೂದ ಹೆಂಗ?" ಎಂದಳು ನೀಲವ್ವ.

ಆಮೇಲೆ ನಷ್ಟದ ಲೆಕ್ಕಕ್ಕೆ ಕೂತೆವು. ಹೊಸಬರು ಇಲ್ಲಿ ತಿಳಿಯಬೇಕಾದ್ದು ಒಂದಿದೆ. ಹೋದ ಆದಾಯವನ್ನೆಲ್ಲ ಕೂಡಿಸಿ ಇಷ್ಟು ಕೊಡಿ ಎನ್ನುವುದು ಲೆಕ್ಕವಲ್ಲ. ಗಾಡಿ ನಿಂತ ಮೇಲೆ ಖರ್ಚಾಗದೆ ಉಳಿದ ಹಿಟ್ಟು, ಒಲೆಯ ಕಟ್ಟಿಗೆ, ಪಗಾರ ಕಳೆಯಬೇಕು. ಆ ತಿಂಗಳುಗಳಲ್ಲಿ ಬೇರೆ ಕಡೆ ಗಳಿಸಿದ್ದನ್ನೂ ಕಳೆಯಬೇಕು. ಖಾನಾವಳಿಗಳ ರೊಕ್ಕದ ಚೀಟಿಗಳನ್ನು ನೀಲವ್ವ ತಾನಾಗಿಯೇ ಸೆರಗಿನ ಗಂಟಿನಿಂದ ತೆಗೆದು ಮೇಜಿನ ಮೇಲೆ ಇಟ್ಟಳು. ನಮ್ಮ ವಕೀಲರು ಕಣ್ಣು ಮುಚ್ಚಿಕೊಂಡರು. ಆದರೆ ಆ ಚೀಟಿ ಇಟ್ಟ ಮೇಲೆ ಜೋಶಿಯವರು ನನ್ನ ಉಳಿದ ಒಂದು ಅಂಕಿಗೂ ತಕರಾರು ತೆಗೆಯಲಿಲ್ಲ. ಮಷಿನ್ನಿನ ರೊಟ್ಟಿ ಅಂಗಡಿಗಳಿಂದ ತಿರುಗಿ ಬರುತ್ತಿದ್ದದ್ದೂ ನಮಗೆ ಒಳ್ಳೆಯದಾಯಿತು. ನಿಂತ ತಿಂಗಳುಗಳ ನಷ್ಟ ಕಟ್ಟಿಕೊಡುವುದು, ಉಳಿದ ಅವಧಿಗೆ ಹೊಸ ಕರಾರು ಬರೆಯುವುದು, ಎಂದು ಕಂಪನಿ ಒಪ್ಪಿತು. ಶೆಡ್ಡು ಉಳಿಯಿತು. ತಣ್ಣಗಿದ್ದ ಏಳು ಒಲೆಗಳಿಗೆ ಬೆಂಕಿ ಬೀಳುವುದಿತ್ತು.

ಹೊಸ ಕರಾರನ್ನು ಮ್ಯಾನೇಜರು ಬಹಳ ಎಚ್ಚರದಿಂದ ಬರೆಸಿ ತಂದಿದ್ದರು. ವಕೀಲರು ಗಟ್ಟಿಯಾಗಿ ಓದಿದರು: "ಒಂದು ಕಟ್ಟು ಎಂದರೆ ಇಪ್ಪತ್ತೇಳು ರೊಟ್ಟಿ ಎಂದು ಉಭಯ ಪಕ್ಷಗಳು ಒಪ್ಪಿರುತ್ತವೆ."

ಸಹಿಗೆ ಪೆನ್ನು ಹಿಡಿದಿದ್ದ ನೀಲವ್ವ ನಿಲ್ಲಿಸಿದಳು. ಸಂಗವ್ವನ ಮುಖ ನೋಡಿದಳು. ಸಂಗವ್ವ ಬೇಡ ಎಂಬಂತೆ ತಲೆ ಆಡಿಸಿದಳು.

"ಅಲ್ಲಿ ಇಪ್ಪತ್ತೈದು ಅಂತ ಮಾಡ್ರಿ," ಎಂದಳು ನೀಲವ್ವ.

"ಯಾಕವಾ? ಇಪ್ಪತ್ತೇಳಕ್ಕ ರೊಕ್ಕ ಕೊಡ್ತೇವಿ ಅನ್ನಾಕತ್ತಾರಲ್ಲ," ಎಂದರು ವಕೀಲರು.

"ಇಪ್ಪತ್ತೇಳು ಅಂತ ಬರದ್ರ, ನಮ್ಮಕ್ಕ ಇಪ್ಪತ್ತೊಂಬತ್ತು ಕಟ್ಟತಾಳ್ರಿ."

ಜೋಶಿಯವರು ಪೆನ್ನು ತೆಗೆದು ಇಪ್ಪತ್ತೇಳನ್ನು ಹೊಡೆದು ಇಪ್ಪತ್ತೈದು ಎಂದು ಬರೆದರು. ಬಾಜೂಕ್ಕೆ ಸಣ್ಣ ಸಹಿ ಹಾಕಿ ಹಾಳೆಯನ್ನು ನನ್ನ ಕಡೆ ಸರಿಸಿದರು. ನಾನೂ ಹಾಕಿದೆ.